ಗ್ಲಾಸ್ಟರಿನ ಗೋರಿಯಲ್ಲಿ ಮಲಗಿರುವವರು ಯಾರು?

ಮಕ್ಕಳನ್ನೋ ಅಕ್ಕತಂಗಿಯರನ್ನೋ ನೋಡಲು ಇಂಗ್ಲೆಂಡಿಗೆ ಹೋಗಿಬರುವವರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಹೋದವರೆಲ್ಲ ಲಂಡನ್ ನೋಡಿ, ಫೋಟೋ ತೆಗೆಸಿಕೊಂಡು ಬರುತ್ತಾರೆ. ತಂಗಿಯ ಬಾಣಂತನಕ್ಕೆಂದು ಬ್ರಿಸ್ಟಲಿಗೆ ಹೋಗಿದ್ದ ನಾನು, ಬಿಡುವಾದ ಒಂದು ದಿನ ರೈಲು ಹತ್ತಿ ಹತ್ತಿರದ ಗ್ಲಾಸ್ಟರಿಗೆ ಹೋಗಿಬಂದೆ. ಅಲ್ಲಿಯ ದೊಡ್ಡ ಚರ್ಚಿನಲ್ಲಿ ಒಬ್ಬ ರಾಜನ ಗೋರಿಯಿದೆ. ಗೋರಿಯೇನೋ ಇದೆ, ಒಳಗೆ ಅವನೇ ಇದ್ದಾನೆಯೇ ಎಂಬುದೇ ತಕರಾರು!

ಅವನು ಎರಡನೆಯ ಎಡ್ವರ್ಡ್. 1307ರಲ್ಲಿ ಪಟ್ಟಕ್ಕೆ ಬಂದು, ಮರುವರ್ಷ ಫ್ರಾನ್ಸಿನ ರಾಜಕುಮಾರಿ ಇಸಬೆಲ್ಲಾಳ ಕೈಹಿಡಿದ. ಹುಡುಗಿಗೆ ಆಗ ಸುಮಾರು 12 ವರ್ಷ ಅಷ್ಟೆ. ರಾಜನಿಗೋ ಪಿಯರ್ಸ್ ಗ್ಯಾವೆಸ್ಟನ್ ಎಂಬ ಗೆಳೆಯನೆಂದರೆ ಪ್ರಾಣ. ಇದನ್ನು ಸಹಿಸದ ಸರದಾರರು 1312ರಲ್ಲಿ ಆ ಗೆಳೆಯನ ತಲೆ ತೆಗೆದರು. 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸ್ಕಾಟರ ಕೈಲಿ ಸೋಲು. ಮರುವರ್ಷ ಬಿಡದೆ ಮಳೆ ಸುರಿದು, ಬೆಳೆ ಕೊಳೆತು, ದೊಡ್ಡ ಕ್ಷಾಮ.

ಆಮೇಲೆ ಹ್ಯೂ ಡೆಸ್ಪೆನ್ಸರ್ ಎಂಬ ಇನ್ನೊಬ್ಬ ಮೆಚ್ಚಿನವ ಬಂದ. 1324ರಲ್ಲಿ ರಾಣಿಯ ಜಮೀನುಗಳನ್ನು ಕಿತ್ತುಕೊಂಡರು, ತವರಿನ ಆಳುಕಾಳುಗಳನ್ನೂ ಬಿಡಿಸಿದರು. ಮರುವರ್ಷ ಸಂಧಾನಕ್ಕೆಂದು ತವರಿಗೆ ಹೋದ ಇಸಬೆಲ್ಲಾ, ಡೆಸ್ಪೆನ್ಸರ್ ಇರುವತನಕ ತಿರುಗಿ ಬರಲೊಲ್ಲೆ ಎಂದಳು. 1326ರಲ್ಲಿ ಬಂದಳು ನೋಡಿ, ರೋಜರ್ ಮಾರ್ಟಿಮರನ ಜೊತೆ ಸೈನ್ಯ ಕಟ್ಟಿಕೊಂಡು! ಜನ ಅವಳಿಗೆ 'ಹೆಣ್ಣು ತೋಳ' ಎಂಬ ಬಿರುದು ಕೊಟ್ಟಿದ್ದಾರೆ. ಅವಳು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಬಿರುದು ಕೊಡುವ ಮೊದಲು ಅವಳಿಂದ ಕಿತ್ತುಕೊಂಡದ್ದನ್ನೂ ಲೆಕ್ಕ ಹಾಕಬೇಕಲ್ಲವೇ?

1327ರ ಜನವರಿಯಲ್ಲಿ ರಾಜನನ್ನು ಇಳಿಸಿ, 14 ವರ್ಷದ ಮಗನಿಗೆ ಪಟ್ಟ ಕಟ್ಟಿದರು. ಅಪ್ಪನನ್ನು ಬಾರ್ಕ್ಲಿ ಕೋಟೆಯಲ್ಲಿ ಸೆರೆಯಿಟ್ಟರು. ಈ ಕೋಟೆ ಬ್ರಿಸ್ಟಲಿಗೂ ಗ್ಲಾಸ್ಟರಿಗೂ ನಡುವೆ ಇದೆ. ರಾಜನನ್ನು ಇಟ್ಟಿದ್ದರೆನ್ನುವ ಕೋಣೆಯನ್ನು ಇಂದಿಗೂ ತೋರಿಸುತ್ತಾರೆ. ಸೆಪ್ಟೆಂಬರ್ 21ರಂದು ರಾಜ ಸತ್ತನೆಂದು ಸುದ್ದಿ ಹೊರಟಿತು. ಕಾದ ಕಬ್ಬಿಣದಿಂದ ಕೊಂದರೆಂಬ ಘೋರ ಕಥೆ ಆಮೇಲೆ ಹಬ್ಬಿದ್ದು, ಅದನ್ನು ನಂಬಬೇಕಾಗಿಲ್ಲ.

ಅನುಮಾನ ಶುರುವಾದದ್ದು ಹೀಗೆ. ಅಣ್ಣ ಬದುಕಿದ್ದಾನೆಂದು ನಂಬಿ ಬಿಡಿಸಲು ಹೊರಟ ಮಲತಮ್ಮ, ಕೆಂಟಿನ ಎಡ್ಮಂಡ್, 1330ರಲ್ಲಿ ತಲೆ ಕಳೆದುಕೊಂಡ. ಅದೇ ವರ್ಷ ಕೋಟೆಯ ಒಡೆಯ ಥಾಮಸ್ ಬಾರ್ಕ್ಲಿ ಪಾರ್ಲಿಮೆಂಟಿನ ಮುಂದೆ, ರಾಜ ಸತ್ತ ವಿಷಯ ತನಗೆ ಈಗಲೇ ತಿಳಿದದ್ದು ಎಂದುಬಿಟ್ಟ! ತನ್ನ ಮನೆಯಲ್ಲೇ ಆದ ಸಾವು ತನಗೆ ಗೊತ್ತಿಲ್ಲವೇ? ಇನ್ನು 19ನೆಯ ಶತಮಾನದಲ್ಲಿ ಫ್ರಾನ್ಸಿನ ಮಾಂಪೆಲಿಯೇ ಊರಿನಲ್ಲಿ ಒಂದು ಹಳೆಯ ಕಾಗದದ ಪ್ರತಿ ಸಿಕ್ಕಿತು. ಮನುಯೆಲೆ ಫಿಯೆಸ್ಕಿ ಎಂಬ ಪಾದ್ರಿ ಮೂರನೆಯ ಎಡ್ವರ್ಡನಿಗೆ ಬರೆದದ್ದು. ನಿಮ್ಮ ತಂದೆ ಕಾವಲುಗಾರನನ್ನು ಕೊಂದು ಪಾರಾಗಿ, ಐರ್ಲೆಂಡು ಸುತ್ತಿ, ಇಟಲಿಯಲ್ಲಿ ಸನ್ಯಾಸಿಯಾದರು ಎಂದು ಅದರಲ್ಲಿದೆ. ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ, ಕೆಲವರು ಒಪ್ಪುತ್ತಾರೆ.

ನನಗೆ ಮಾತ್ರ ಗೋರಿಯ ಮುಂದೆ ನಿಂತಾಗ ನೆನಪಾದವಳು ಒಬ್ಬ ಹೆಂಗಸು. ಹಾಲುಬಣ್ಣದ ಕಲ್ಲಿನಲ್ಲಿ ರಾಜ ಮಲಗಿದ್ದಾನೆ, ತಲೆಯ ಬಳಿ ದೇವದೂತರು, ಕಾಲಬುಡದಲ್ಲಿ ಸಿಂಹ. ಆದರೆ 1327ರ ಡಿಸೆಂಬರ್ 20ರಂದು ಇಲ್ಲಿ ಶವಸಂಸ್ಕಾರವಾದಾಗ ಜನ ನೋಡಿದ್ದು ಮರದಲ್ಲಿ ಕೆತ್ತಿದ ರಾಜನ ಪ್ರತಿಮೆಯನ್ನು. ಶವ ಕೆಡದಂತೆ ಸಿದ್ಧಪಡಿಸಿದವಳು ಒಬ್ಬ ಹೆಂಗಸು. ಸಂಸ್ಕಾರ ಮುಗಿದ ಮೇಲೆ ಅವಳನ್ನು ವುಸ್ಟರಿಗೆ, ರಾಣಿಯ ಬಳಿಗೆ ಕರೆದೊಯ್ದರೆಂದು ಅಂದಿನ ಖರ್ಚಿನ ಲೆಕ್ಕದಲ್ಲಿದೆ. ಅವಳ ಹೆಸರನ್ನು ಬರೆದಿಲ್ಲ, ಮಾತನ್ನೂ ಬರೆದಿಲ್ಲ. ಇಷ್ಟು ಜನ ವಿದ್ವಾಂಸರು ಹುಡುಕುತ್ತಿರುವ ಉತ್ತರ ಆ ಹೆಂಗಸಿಗೆ ಗೊತ್ತಿತ್ತು. ಅವಳಿಂದ ಕೇಳಿ ತಿಳಿಯಬೇಕೆಂದು ಹೊಳೆದದ್ದೂ ಇನ್ನೊಬ್ಬ ಹೆಂಗಸಿಗೇ!

ನೀವು ಆ ಕಡೆ ಹೋದರೆ ಗ್ಲಾಸ್ಟರನ್ನು ಬಿಡಬೇಡಿ. ಚರ್ಚಿನ ಪಡಸಾಲೆಯ ಬೀಸಣಿಗೆಯಂಥ ಕಲ್ಲಿನ ಸೂರನ್ನೂ ತಲೆಯೆತ್ತಿ ನೋಡಿ. ಬಾರ್ಕ್ಲಿ ಕೋಟೆ ಎಲ್ಲ ದಿನವೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಂಡು ಹೊರಡಿ.