ಮೂರನೇ ಸೀಡಿ ಬೇಡ

ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡುವ ಮೇಷ್ಟ್ರು ಮಕ್ಕಳಿಗೆ ಅದೇನು ಪಾಠ ಹೇಳಿಯಾನು ಎಂಬ ಅನುಮಾನ ನಮ್ಮ ಉಮ್ಮತ್ತೂರಿನಲ್ಲಿ ಕೆಲವರಿಗೆ ಉಂಟು. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದವನು. ಮೂವತ್ತು ವರ್ಷಗಳಿಂದ ಬೆಳಕು, ಶಾಖ, ಆಮ್ಲ, ಪ್ರತ್ಯಾಮ್ಲ ಎಂದು ಕರಿಹಲಗೆಯ ಮುಂದೆ ನಿಂತಿದ್ದೇನೆ. ಅದರ ಜೊತೆಜೊತೆಗೇ ಮನೆಯ ಒಂದು ಮರದ ಕಪಾಟಿನಲ್ಲಿ ಅರವತ್ತು ಚಿಲ್ಲರೆ ಸಿನಿಮಾಗಳು ಸೇರಿಕೊಂಡಿವೆ. ಕೆಲವು ಕ್ಯಾಸೆಟ್ಟುಗಳು, ಹೆಚ್ಚಿನವು ಸೀಡಿ, ಡಿವಿಡಿಗಳು. ಪೋಷಕರ ಸಭೆಯಲ್ಲಿ ಒಬ್ಬರು, ‘ಸಾರ್, ನಿಮ್ಮ ಮನೇಲಿ ಪುಸ್ತಕಕ್ಕಿಂತ ಪಿಚ್ಚರೇ ಜಾಸ್ತಿಯಂತೆ’ ಎಂದು ನಗುತ್ತಲೇ ಕೇಳಿದರು. ಪುಸ್ತಕವೇ ಜಾಸ್ತಿ. ಆದರೆ ಮನೆಗೆ ಬಂದವರು ನೋಡುವುದು ಆ ಕಪಾಟನ್ನೇ.

ನಮ್ಮ ಸೀಮೆಯವರಿಗೆ ಸಿನಿಮಾ ಹುಚ್ಚು ಹತ್ತಿದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ರಾಜ್‌ಕುಮಾರ್ ಅವರ ಗಾಜನೂರು ಚಾಮರಾಜನಗರ ದಾಟಿದರೆ ತಾಳವಾಡಿ ಕಡೆ, ಗಡಿಯ ಆಚೆಗಿದೆ. ಸಿಂಗಾನಲ್ಲೂರು ಇರುವುದು ಕೊಳ್ಳೇಗಾಲದ ಕಡೆ. ಹಾಗಾಗಿ ಅವರು ಎಲ್ಲರಿಗೂ ಅಣ್ಣಾವ್ರು, ನಮಗೆ ಮಾತ್ರ ನೆಂಟರು. ನಾನು ಹುಡುಗನಾಗಿದ್ದಾಗ ಟೆಂಟಿನಲ್ಲಿ ನೆಲದ ಮೇಲೆ ಕೂತು, ಮುಂದಿನವರ ತಲೆಗಳ ಸಂದಿಯಲ್ಲಿ ಪರದೆ ಹುಡುಕುತ್ತಿದ್ದೆವು. ವಾರ ಕಳೆದರೆ ಪಿಚ್ಚರು ಬೇರೆ ಊರಿಗೆ ಹೋಗುತ್ತಿತ್ತು. ಆಮೇಲೆ ಅದನ್ನು ನೋಡುವ ದಾರಿ ಒಂದೇ: ಚೆನ್ನಾಗಿ ಕಥೆ ಹೇಳುವ ಗೆಳೆಯನನ್ನು ಹಿಡಿದು ಮತ್ತೆ ಹೇಳಿಸುವುದು.

ಎಂಬತ್ತರ ದಶಕದಲ್ಲಿ ವಿಸಿಆರ್ ಬಾಡಿಗೆಗೆ ಬಂತು. ಗಣೇಶನ ಹಬ್ಬಕ್ಕೆ ಬೀದಿಯವರೆಲ್ಲ ಚಂದಾ ಎತ್ತಿ ತಂದರೆ ರಾತ್ರಿಗೆ ಮೂರು ಸಿನಿಮಾ. ಮೂರನೆಯದಕ್ಕೆ ಎಚ್ಚರ ಇರುತ್ತಿದ್ದವನು ವಿಸಿಆರ್ ತಂದ ಹುಡುಗ ಒಬ್ಬನೇ. ನನಗೆ ಕೆಲಸ ಸಿಕ್ಕಿದ ಮೇಲೆ 1994ರಲ್ಲಿ ಹಳೆಯದೊಂದು ವಿಸಿಆರ್ ಕೊಂಡೆ. ದೂರದರ್ಶನದಲ್ಲಿ ಬರುವ ಕನ್ನಡ ಸಿನಿಮಾಗಳನ್ನು ಮನೆಮಟ್ಟಿಗೆ ರೆಕಾರ್ಡ್ ಮಾಡಿಕೊಳ್ಳುವುದು ಉದ್ದೇಶ. ಅದಕ್ಕೊಂದು ನಿಯಮ ಮಾಡಿಕೊಂಡಿದ್ದೆ: ಎರಡನೇ ಸಲ ನೋಡಬೇಕು ಅನ್ನಿಸದ ಚಿತ್ರಕ್ಕೆ ಕ್ಯಾಸೆಟ್ಟು ವ್ಯರ್ಥ ಮಾಡಬಾರದು. ಆಗಿನ ಸಂಬಳದಲ್ಲಿ ಒಂದು ಖಾಲಿ ಕ್ಯಾಸೆಟ್ಟೆಂದರೆ ಯೋಚಿಸಿ ಕೊಳ್ಳುವ ವಸ್ತು.

ಹಾಗೆ ಹಿಡಿದ ಮೊದಲ ದೊಡ್ಡ ಬೇಟೆ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, 1972ರ ಚಿತ್ರ. ವಿಧವೆ ಅಕ್ಕನ ಸಂಸಾರಕ್ಕೆ ಆಸರೆಯಾಗಲು ಬಂದ ರಾಜೀವ ಬಂಜರು ನೆಲದಲ್ಲಿ ಬಂಗಾರ ಬೆಳೆಯುತ್ತಾನೆ. ಕೊನೆಗೆ ತಾನು ಸಾಕಿದ ಅಕ್ಕನ ಮಗನೇ ಆಡಿದ ಮಾತಿಗೆ ಉಣ್ಣುವ ತಟ್ಟೆ ಬಿಟ್ಟೆದ್ದು ಮನೆಯಿಂದ ಹೊರಟುಬಿಡುತ್ತಾನೆ. ನಾವು ರೆಕಾರ್ಡ್ ಮಾಡುತ್ತಿದ್ದಾಗ ಸರಿಯಾಗಿ ಆ ಊಟದ ದೃಶ್ಯಕ್ಕೆ ಮುಂಚೆ ಕರೆಂಟು ಹೋಯಿತು. ಆ ರಾತ್ರಿ ಮತ್ತೆ ಬರಲಿಲ್ಲ. ಹೀಗೆ ನಮ್ಮ ಮನೆಯ ‘ಬಂಗಾರದ ಮನುಷ್ಯ’ನಿಗೆ ಕೊನೆಯೇ ಇರಲಿಲ್ಲ. ಹೊಲ ಹಸಿರಾಗಿರುತ್ತಿತ್ತು, ಮನೆ ತುಂಬಿರುತ್ತಿತ್ತು, ಪರದೆಯ ಮೇಲೆ ಚುಕ್ಕೆ ಚುಕ್ಕೆ ಬಂದು ಸಿನಿಮಾ ಮುಗಿಯುತ್ತಿತ್ತು.

ಎಲ್ಲರೂ ಪೇಚಾಡಿದರು. ಅವ್ವ ಒಬ್ಬಳು ಮಾತ್ರ ಏನೂ ಅನ್ನಲಿಲ್ಲ. ವರ್ಷಕ್ಕೆ ಎರಡು ಮೂರು ಸಲ ಅದನ್ನೇ ಹಾಕು ಎನ್ನುತ್ತಿದ್ದಳು. 2003ರಲ್ಲಿ ಮೈಸೂರಿನಲ್ಲಿ ಅದೇ ಚಿತ್ರದ ವಿಸಿಡಿ ಕಂಡಾಗ ಸಂಭ್ರಮದಿಂದ ತಂದೆ. ಒಂದು ಸೀಡಿಗೆ ಹಿಡಿಸುವುದು ಸುಮಾರು 74 ನಿಮಿಷ. ಹಾಗಾಗಿ ಉದ್ದದ ಚಿತ್ರಕ್ಕೆ ಮೂರು ಸೀಡಿ. ಎರಡು ಮುಗಿದವು. ಮೂರನೆಯದನ್ನು ತಟ್ಟೆಯಲ್ಲಿಡುವ ಹೊತ್ತಿಗೆ ಅವ್ವ, ‘ಸಾಕು ಬುಡಪ್ಪ. ಮೂರ್ನೇದು ಹಾಕ್ಬ್ಯಾಡ. ಉಣ್ತಾ ಇದ್ದೋನ್ನ ಏಳಿಸ್ಬುಟ್ರಲ್ಲ, ಅದ ಏನ್ ನೋಡದು’ ಎಂದಳು.

ಅದು ಸಿನಿಮಾದ ಮಾತಲ್ಲ ಎಂದು ನನಗೆ ಗೊತ್ತಾಯಿತು. ಅಪ್ಪ ತೀರಿಕೊಂಡಾಗ ನಾನು ನಾಲ್ಕು ವರ್ಷದವನು. ಸೋದರಮಾವ ತಮ್ಮ ಊರು ಬಿಟ್ಟು ಬಂದು ಹನ್ನೆರಡು ವರ್ಷ ನಮ್ಮ ಹೊಲ ಉತ್ತರು. ಬಾವಿ ತೋಡಿಸಿದ್ದು, ನನ್ನನ್ನು ಹೈಸ್ಕೂಲಿಗೆ ಸೇರಿಸಿದ್ದು ಅವರೇ. ಆಮೇಲೆ ದಾಯಾದಿಗಳ ನಡುವೆ ನೀರಿನ ಪಾಲಿನ ವಿಷಯಕ್ಕೆ ಮಾತು ಬೆಳೆಯಿತು. ಯಾರೋ ಏನೋ ಅಂದರು. ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟವರು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಅವ್ವ ಇದನ್ನು ನಮ್ಮೆದುರು ಎಂದೂ ಎತ್ತಿ ಆಡಿದವಳಲ್ಲ. ಟೆಂಟಿನಲ್ಲಾದರೆ ಸಿನಿಮಾ ಅವಳನ್ನು ಕೇಳಿ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಅವಳು ತನಗೆ ಬೇಕಾದಲ್ಲಿ ನಿಲ್ಲಿಸಿದಳು, ತನ್ನ ತಮ್ಮನನ್ನು ಹೊಲದಲ್ಲೇ ಉಳಿಸಿಕೊಂಡಳು. 2016ರಲ್ಲಿ ತೀರಿಕೊಳ್ಳುವವರೆಗೂ ಅವಳ ಮುಂದೆ ಮೂರನೇ ಸೀಡಿ ಹಾಕಲಿಲ್ಲ. ನಾನು ಒಬ್ಬನೇ ಇದ್ದಾಗ ನೋಡಿದ್ದೇನೆ. ಹತ್ತರ ವಯಸ್ಸಿನಲ್ಲಿ ಆ ಚಿತ್ರದಲ್ಲಿ ಹಾಡು ಬೇಕಿತ್ತು. ಈಗ ಆ ಊಟದ ತಟ್ಟೆಯನ್ನು ನೋಡುವುದು ನನಗೂ ಕಷ್ಟ.

ಇನ್ನು ಸ್ವಲ್ಪ ವಿಜ್ಞಾನ, ಅದಿಲ್ಲದಿದ್ದರೆ ನನ್ನ ವಿದ್ಯಾರ್ಥಿಗಳು ಇದು ನಮ್ಮ ಮೇಷ್ಟ್ರು ಬರೆದದ್ದಲ್ಲ ಎಂದಾರು. ಕ್ಯಾಸೆಟ್ಟಿನ ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತೀಯ ಪುಡಿ, ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡು. ಹಿಡಿದಿಡುವ ಅಂಟು ತೇವ ಹೀರಿದರೆ ಪುಡಿ ಉದುರುತ್ತದೆ. ಮಳೆಗಾಲದಲ್ಲಿ ಬಿಳಿ ಬೂಷ್ಟು ಬೇರೆ. ಸೀಡಿಯಲ್ಲಿ ಕಾಂತದ ಗೊಡವೆಯಿಲ್ಲ, ಸಣ್ಣ ಗುಳಿಗಳನ್ನು ಲೇಸರ್ ಕಿರಣ ಓದುತ್ತದೆ. ಸೀಡಿಗೆ 780 ನ್ಯಾನೋಮೀಟರ್ ತರಂಗಾಂತರದ ಕಿರಣ, ಡಿವಿಡಿಗೆ 650. ಕಿರಣದ ತರಂಗ ಚಿಕ್ಕದಾದಷ್ಟೂ ಗುಳಿಯೂ ಚಿಕ್ಕದಾಗಬಹುದು, ಅಷ್ಟೇ ಜಾಗದಲ್ಲಿ ಹೆಚ್ಚು ತುಂಬಬಹುದು. ಮೂರು ಸೀಡಿಯ ಚಿತ್ರ ಒಂದೇ ಡಿವಿಡಿಗೆ ಇಳಿದ ಗುಟ್ಟಿನಲ್ಲಿ ಇದೂ ಒಂದು. ಇನ್ನೊಂದು ಮಾತು: ಸೀಡಿಯ ಹೊಳೆಯುವ ಬದಿಗಿಂತ ಹೆಸರು ಅಚ್ಚಾದ ಬದಿಗೆ ಆಗುವ ಗೀರು ಹೆಚ್ಚು ಅಪಾಯ, ಏಕೆಂದರೆ ಮಾಹಿತಿಯ ಪದರ ಆ ಮೇಲ್ಮೈಗೇ ಹತ್ತಿರ. ಒರೆಸುವಾಗ ಸುತ್ತಲೂ ತಿಕ್ಕದೆ ನಡುವಿನಿಂದ ಅಂಚಿಗೆ ಒರೆಸಬೇಕು. ನಮ್ಮಲ್ಲಿ ‘ಬಂಗಾರದ ಮನುಷ್ಯ’ದ ಮೊದಲೆರಡು ಸೀಡಿಗಳು ಗೀರು ಬಿದ್ದು ತಡವರಿಸುತ್ತವೆ. ಮೂರನೆಯದು ಕನ್ನಡಿಯಂತಿದೆ.

ಮರಳಿ ನೋಡುವುದರಿಂದ ಪಾಠಕ್ಕೂ ಲಾಭವಾಗಿದೆ. ‘ಕಸ್ತೂರಿ ನಿವಾಸ’ದ (1971) ಹಾಡಿನಲ್ಲಿ ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆ ಬರುತ್ತದಲ್ಲ, ಗುರುತ್ವ ಕೇಂದ್ರದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ತಳ ಭಾರ, ತಲೆ ಹಗುರ. ಅದೇ ಚಿತ್ರ 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಬಂತು, ‘ಸತ್ಯ ಹರಿಶ್ಚಂದ್ರ’ 2008ರಲ್ಲೇ ಬಂದಿತ್ತು. ನನ್ನ ಮಗಳಿಗೆ ಬಣ್ಣದ್ದು ಇಷ್ಟ, ನನಗೆ ಕಪ್ಪು ಬಿಳುಪೇ ಸರಿ. ಈ ಜಗಳ ಬಗೆಹರಿದಿಲ್ಲ.

‘ಎಲ್ಲಾ ಫೋನಲ್ಲೇ ಸಿಗ್ತದಲ್ಲ ಸಾರ್, ಇದೆಲ್ಲ ಯಾಕೆ?’ ಎನ್ನುತ್ತಾರೆ ಹುಡುಗರು. ಎಲ್ಲಾ ಸಿಗುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡದ್ದು 1934ರ ‘ಸತಿ ಸುಲೋಚನಾ’. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು. ಅದರ ಒಂದು ಪ್ರತಿಯೂ ಉಳಿದಿಲ್ಲ. ದೇಶದ ಮೊದಲ ವಾಕ್ಚಿತ್ರ 1931ರ ‘ಆಲಂ ಆರಾ’ದ ಗತಿಯೂ ಅದೇ. ಅಂದಿನ ರೀಲುಗಳು ನೈಟ್ರೇಟಿನವು, ಬೇಗ ಹಾಳಾಗುವಂಥವು, ಬೆಂಕಿ ತಾಗಿದರೆ ಧಗ್ಗೆಂದು ಉರಿಯುವಂಥವು. ಚಿತ್ರಗಳನ್ನು ಕಾಪಾಡಲೆಂದು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ ಹೋದದ್ದು ಹೋಗಿತ್ತು. ಫೋನಿನಲ್ಲಿ ಇಂದು ಕಾಣುವುದೂ ಹಕ್ಕು ಕೊಂಡವರ ಕರಾರು ಮುಗಿದರೆ ನಾಳೆ ಕಾಣುವುದಿಲ್ಲ.

ಹಾಗೆಂದು ಪೋಷಕರು ಗಾಬರಿಯಾಗಿ ಕಪಾಟು ಮಾಡಿಸಬೇಕಿಲ್ಲ. ಮನೆಮಂದಿಯೆಲ್ಲ ಮತ್ತೆ ನೋಡಬಯಸುವ ಹತ್ತು ಚಿತ್ರ ಇದ್ದರೆ ಸಾಕು. ಮಕ್ಕಳೇ ಆರಿಸಲಿ. ಹೊದಿಕೆಯ ಮೇಲೆ ಇಸವಿ, ನಿರ್ದೇಶಕರ ಹೆಸರು ಬರೆಯಲಿ, ಯಾರ ಜೊತೆ ಎಂದು ನೋಡಿದೆವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಲಿ. ಪರೀಕ್ಷೆಯ ಕಾಲದಲ್ಲಿ ಕಪಾಟಿಗೆ ಬೀಗ ಹಾಕಿಕೊಳ್ಳಿ, ನಾನೂ ಹಾಕುತ್ತೇನೆ.

ಕಪಾಟಿನಲ್ಲಿ ಕಂಪ್ಯೂಟರಿಗೆ ಇಳಿಸದ ಹನ್ನೊಂದು ಕ್ಯಾಸೆಟ್ಟುಗಳು ಇನ್ನೂ ಇವೆ. ಅವುಗಳಲ್ಲಿ ಕೊನೆಯಿಲ್ಲದ ಆ ‘ಬಂಗಾರದ ಮನುಷ್ಯ’ವೂ ಒಂದು. ಹೊಸ ವಿಸಿಆರ್ ತಯಾರಿಕೆ 2016ರಲ್ಲೇ ನಿಂತುಹೋಯಿತು, ನನ್ನದರ ಬೆಲ್ಟು ಸಡಿಲವಾಗಿದೆ. ಚಾಮರಾಜನಗರದಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಹಳೆಯ ಟೇಪ್‌ರೆಕಾರ್ಡರಿನ ಬೆಲ್ಟು ಹಾಕಿ ನೋಡೋಣ ತನ್ನಿ ಎಂದಿದ್ದಾರೆ. ಬರುವ ಭಾನುವಾರ ಹೋಗಬೇಕು.