ಬುಡಕ್ಕೆ ನಿಂತ ಮಣ್ಣು

ನಮ್ಮ ತೋಟ ಉತ್ತರ ಕೊಡಗಿನಲ್ಲಿ, ಮಕ್ಕಂದೂರಿನ ಕಡೆಯ ಒಂದು ಇಳಿಜಾರಿನಲ್ಲಿದೆ. ಮೇಲೆ ಕಾಫಿ, ನಡುವೆ ಕಿತ್ತಳೆ, ಕೆಳಗೆ ತೋಡಿನ ಪಕ್ಕ ಸ್ವಲ್ಪ ಗದ್ದೆ. 2018ರ ಆಗಸ್ಟಿನಲ್ಲಿ ಅದರ ದೊಡ್ಡ ಪಾಲು ಜಾರಿ ಹೋಯಿತು. ಜಾರಿ ಹೋದದ್ದರ ಬಗ್ಗೆ ಹಲವರು ಬರೆದಿದ್ದಾರೆ. ಜಾರದೆ ಉಳಿದ ಮರಗಳು ಆಮೇಲೆ ಹೇಗೆ ಸತ್ತವು ಎಂದು ಯಾರೂ ಬರೆದದ್ದು ನಾನು ಓದಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹಳೆಯ ಕಿತ್ತಳೆ ಮರಗಳು ಆಗಲೇ ಒಣಗತೊಡಗಿದ್ದವು. ಮಾವ ಹಿಂದಿನ ಕಾಲದ ಮಾತು ಹೇಳುತ್ತಿದ್ದರು. ಅರವತ್ತರ ದಶಕದಲ್ಲಿ ಜಿಲ್ಲೆಯಲ್ಲಿ 20,000 ಹೆಕ್ಟೇರಿಗೂ ಮೀರಿ ಕಿತ್ತಳೆ ಇತ್ತು. ಆಗ ಕಾಫಿಯ ಖರ್ಚೆಲ್ಲ ಕಿತ್ತಳೆಯ ದುಡ್ಡಿನಲ್ಲೇ ಕಳೆಯುತ್ತಿತ್ತಂತೆ. ಆಮೇಲೆ ಗ್ರೀನಿಂಗ್ ರೋಗ ಬಂತು. ಚಿಗುರಿನ ಮೇಲೆ ಕೂರುವ ಸಣ್ಣ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಹಬ್ಬಿಸುತ್ತದೆ. ರೋಗದ ಮರದಿಂದ ಕಸಿ ಕಡ್ಡಿ ತೆಗೆದರೆ ಗಿಡದ ಜೊತೆಗೇ ರೋಗವೂ ಬರುತ್ತದೆ. ಎಲೆ ಅಲ್ಲಲ್ಲಿ ಹಳದಿಯಾಗುತ್ತದೆ, ಕಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ಹಣ್ಣಾದರೂ ತುದಿ ಹಸಿರಾಗಿಯೇ ಉಳಿಯುತ್ತದೆ, ತೊಳೆ ಕಹಿ. ವಾಸಿ ಮಾಡುವ ಮದ್ದಿಲ್ಲ. 2006ರಲ್ಲಿ ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಮಾರಲು ಹಣ್ಣೇ ಇರಲಿಲ್ಲ.

ಮಾವ ಹಟ ಬಿಡಲಿಲ್ಲ. ಹಳೆಯ ಮರಗಳನ್ನು ಬೇರುಸಹಿತ ಕೀಳಿಸಿ ಸುಡಿಸಿದರು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ರೋಗವಿಲ್ಲದ ಕಸಿ ಗಿಡ ತಂದು ನೆಟ್ಟೆವು. ರಂಗಪುರ ನಿಂಬೆಯ ಬೇರಿನ ಮೇಲೆ ಕೊಡಗಿನ ಕಿತ್ತಳೆಯ ಕಣ್ಣು ಕೂರಿಸಿದ ಗಿಡಗಳು. ಕಸಿಯ ಗಂಟು ಯಾವತ್ತೂ ನೆಲದಿಂದ ಮೇಲಿರಬೇಕು ಎಂದು ಅಲ್ಲಿ ಹೇಳಿ ಕಳಿಸಿದ್ದರು. ಮಾವ ಪ್ರತಿ ಗಿಡದ ಬುಡ ಮುಟ್ಟಿ ನೋಡುತ್ತಿದ್ದರು. ಫಸಲು ಹಿಡಿಯುವ ಮೊದಲೇ ಅವರು ತೀರಿಕೊಂಡರು. ಮರಗಳು ಚೆನ್ನಾಗಿ ಬಂದವು. ಮಗಳ ಕಾಲೇಜಿನ ಶುಲ್ಕ ಆ ಹಣ್ಣಿನಿಂದಲೇ ಕಟ್ಟಿದೆವು.

2018ರ ಮಳೆ ಬೇಗ ಹಿಡಿಯಿತು. ನಮ್ಮ ಕಡೆ ಮಳೆಯನ್ನು ಇಂಚಿನಲ್ಲಿ ಅಳೆದು ಬರೆದಿಡುವ ರೂಢಿ. ಆಗಸ್ಟ್ ಎರಡನೆಯ ವಾರ ಮಳೆ ಮಾಪಕ ತುಂಬಿ ಹೊರಗೆ ಚೆಲ್ಲುತ್ತಿತ್ತು. ನನ್ನ ಗಂಡ ಬರೆಯುವುದನ್ನೇ ಬಿಟ್ಟರು. ಕರೆಂಟ್ ಹೋಯಿತು. ಫೋನ್ ಸತ್ತಿತು. ತೋಡಿನ ನೀರು ಕೆಂಪಾಗಿ, ದಪ್ಪವಾಗಿ ಹರಿಯತೊಡಗಿತು. ಹಿತ್ತಿಲಿನ ನೆಲದಲ್ಲಿ, ಹಿಂದೆ ಎಂದೂ ಇಲ್ಲದ ಕಡೆ, ಒರತೆ ಎದ್ದಿತು. ನಮ್ಮ ಲೈನ್ ಮನೆಯಲ್ಲಿದ್ದ ಹಿರಿಯ ಕೆಲಸಗಾರ ಅದನ್ನು ನೋಡಿ, 'ಇಲ್ಲಿ ಇರುವುದು ಬೇಡ ಅಕ್ಕಾ' ಎಂದ.

16ರಂದು ಗುರುವಾರ ಮಧ್ಯಾಹ್ನ ಎದುರಿನ ಗುಡ್ಡದಲ್ಲಿ ಬರೆ ಜರಿಯಿತು. ಶಬ್ದ ಮೊದಲು ಬಂತು. ಆಮೇಲೆ ಸಿಲ್ವರ್ ಓಕ್ ಮರಗಳು ನಿಂತ ಹಾಗೆಯೇ ಕೆಳಕ್ಕೆ ಇಳಿಯುವುದು ಕಂಡಿತು. ಅತ್ತೆಗೆ ನಡೆಯಲು ಆಗುತ್ತಿರಲಿಲ್ಲ. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ನನ್ನ ಗಂಡನೂ ಆ ಹಿರಿಯನೂ ಅವನ ಇಬ್ಬರು ಮಕ್ಕಳೂ ಹೊತ್ತರು. ನಾನು ಅತ್ತೆಯ ಮಾತ್ರೆಗಳನ್ನೂ ಜಾಗದ ದಾಖಲೆಗಳನ್ನೂ ತೆಗೆದುಕೊಂಡೆ. ನಾಯಿಯನ್ನು ಬಿಚ್ಚಿ ಬಿಟ್ಟೆ. ಹಸುಗಳ ಹಗ್ಗ ಕಡಿದೆ.

ರಸ್ತೆ ಇರಲಿಲ್ಲ. ಕಾಫಿ ಗಿಡ ಹಿಡಿದುಕೊಂಡು ಮೇಲಕ್ಕೆ ಹತ್ತಿದೆವು. ಒಂದು ಕಡೆ ಮೊಣಕಾಲವರೆಗೆ ಕೆಸರಿನಲ್ಲಿ ಹೂತೆ. ಕಾಲು ಬರಲಿಲ್ಲ. ಆಗ ಬಹಳ ಹೆದರಿದೆ. ನನ್ನಿಂದಾಗಿ ಇವರೆಲ್ಲ ನಿಲ್ಲುತ್ತಾರೆ ಎಂಬುದೇ ಆ ಹೆದರಿಕೆ. ಲೈನ್ ಮನೆಯ ಹೆಂಗಸೊಬ್ಬಳು ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎಳೆದಳು. ಚಪ್ಪಲಿ ಅಲ್ಲೇ ಉಳಿಯಿತು. ಕತ್ತಲಾಗುವ ಹೊತ್ತಿಗೆ ದಿಣ್ಣೆಯ ಮೇಲಿನ ಒಂದು ಮನೆ ಸೇರಿದೆವು. ಅಲ್ಲಿ ಆಗಲೇ ಮೂರು ಮನೆಯವರಿದ್ದರು. ಅವರು ನಮಗೂ ಗಂಜಿ ಕೊಟ್ಟರು. ರಾತ್ರಿ ಯಾರೂ ಮಲಗಲಿಲ್ಲ. ಬೆಳಗಿನ ಜಾವ ನಮ್ಮ ತೋಟದ ದಿಕ್ಕಿನಿಂದ ಶಬ್ದ ಬಂತು. ಯಾರೂ ಏನೂ ಹೇಳಲಿಲ್ಲ.

ಮಾರನೆಯ ದಿನ ಸೇನೆಯವರು ಹಗ್ಗ ಕಟ್ಟಿ ನಮ್ಮನ್ನು ದಾಟಿಸಿದರು. ಅತ್ತೆಯನ್ನು ಒಬ್ಬ ಜವಾನ ಬೆನ್ನ ಮೇಲೆ ಹೊತ್ತ. ಅವನು ಹುಡುಗ. ಅತ್ತೆ ಅವನ ತಲೆ ಸವರುತ್ತಲೇ ಇದ್ದರು.

ಪರಿಹಾರ ಶಿಬಿರದಲ್ಲಿ ಊಟ, ಕಂಬಳಿ, ಔಷಧಿ ಎಲ್ಲ ಸಿಕ್ಕಿತು. ಗುರುತಿಲ್ಲದ ಊರುಗಳ ಜನ ಲಾರಿಗಳಲ್ಲಿ ಸಾಮಾನು ಕಳಿಸಿದ್ದರು. ಕೈಲು ಮುಹೂರ್ತ ಹಬ್ಬ ಶಿಬಿರದಲ್ಲೇ ಕಳೆಯಿತು. ತಗಡಿನ ಮೇಲೆ ಮಳೆ ಬಿದ್ದರೆ ಮಕ್ಕಳು ಎದ್ದು ಕೂರುತ್ತಿದ್ದವು. ದೊಡ್ಡವರೂ ಎದ್ದು ಕೂರುತ್ತಿದ್ದೆವು.

ದಾರಿ ತೆರೆದು ನಾವು ತೋಟಕ್ಕೆ ಹೋಗುವಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ಮನೆಯ ಹಿಂದಿನ ಅರ್ಧ ಕುಸಿದಿತ್ತು. ಕಾಫಿ ಇದ್ದಲ್ಲಿ ಬರೀ ಕೆಂಪು ಮಣ್ಣು. ಕಿತ್ತಳೆಯ ಒಂದು ಭಾಗ ತೋಡಿಗೆ ಹೋಗಿತ್ತು. ಇನ್ನೊಂದು ಭಾಗ ನಿಂತಿತ್ತು. ಎಲೆ ಕಡು ಹಸಿರು, ಕಾಯಿ ತುಂಬಿದ ಕೊಂಬೆಗಳು. ಅದನ್ನು ನೋಡಿ ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ. ಇಷ್ಟಾದರೂ ಉಳಿಯಿತಲ್ಲ ಎಂದು.

ಹತ್ತಿರ ಹೋದಾಗ ಮರಗಳು ಗಿಡ್ಡವಾಗಿ ಕಂಡವು. ಮೇಲಿನಿಂದ ಬಂದ ಮಣ್ಣು ಕಾಂಡವನ್ನು ಸೊಂಟದ ಎತ್ತರ ಮುಚ್ಚಿತ್ತು. ಕಸಿಯ ಗಂಟು ಎಲ್ಲೋ ಒಳಗೆ. ಯಂತ್ರ ತರಲು ದಾರಿಯಿರಲಿಲ್ಲ, ಕೂಲಿಗೆ ದುಡ್ಡಿರಲಿಲ್ಲ. ನಾವೂ ಲೈನ್ ಮನೆಯವರೂ ಗುದ್ದಲಿ ಹಿಡಿದೆವು. ಒಂದೊಂದು ಮರದ ಸುತ್ತ ಬಾವಿಯ ಹಾಗೆ ತೋಡಬೇಕಿತ್ತು. ಕೊನೆಗೆ ಕೈಯಿಂದಲೇ ಕೆರೆಯುತ್ತಿದ್ದೆವು, ತೊಗಟೆಗೆ ಗಾಯವಾಗಬಾರದೆಂದು. ಕೆಲವು ಕಡೆ ಮಣ್ಣು ತೆಗೆದಾಗಲೇ ಹುಳಿ ವಾಸನೆ ಬಂತು. ತೊಗಟೆ ಮೆತ್ತಗಾಗಿ, ಅಂಟು ಒಸರುತ್ತಿತ್ತು. ಕೊಳೆತ ಭಾಗ ಹೆರೆದು ಬೋರ್ಡೋ ಮುಲಾಮು ಬಳಿದೆವು.

ಆ ಚಳಿಗಾಲ ಹಣ್ಣು ಸಿಕ್ಕಿತು. ಮಾರಿ ಬಂದದ್ದನ್ನು ಎಲ್ಲರೂ ಹಂಚಿಕೊಂಡೆವು. ಮುಂದಿನ ಹೂಮಳೆಗೆ ಮರಗಳು ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟವು. ತೋಟವೆಲ್ಲ ಘಮ್ಮೆಂದಿತು. ಆ ಹಿರಿಯ ಮಾತ್ರ ಮಾತಾಡಲಿಲ್ಲ. ಅವನಿಗೆ ಗೊತ್ತಿತ್ತು. ಬುಡದ ತೊಗಟೆ ಸುತ್ತಲೂ ಕೊಳೆತರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದಿಲ್ಲ. ಅದು ಮೇಲೆಯೇ ನಿಂತು ಹೂವಾಗುತ್ತದೆ. ಬೇರು ಉಪವಾಸ ಬೀಳುತ್ತದೆ. ಎಲೆಯ ನಡುನರ ಹಳದಿಯಾಯಿತು. ಕಾಯಿ ಗೋಲಿಯಷ್ಟಾಗುವಾಗ ಎಲೆ ಉದುರಿತು. ಒಣ ಕೊಂಬೆಗಳಲ್ಲಿ ಕಾಯಿ ಹಾಗೇ ನೇತಾಡಿತು. ಭೂಕುಸಿತ ಒಂದು ರಾತ್ರಿಯ ಸಂಕಟ. ಇದು ವರ್ಷ ಪೂರ್ತಿ ದಿನಾ ನೋಡಬೇಕಾದ ಸಂಕಟ. ನನಗೆ ಎರಡನೆಯದೇ ಕಷ್ಟವಾಯಿತು.

2019ರ ಆಗಸ್ಟಿನಲ್ಲಿ ಮತ್ತೆ ದೊಡ್ಡ ಮಳೆ. ಈ ಸಲ ದಕ್ಷಿಣ ಕೊಡಗಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಜನ ಸತ್ತರು. ನಾವು ಮೊದಲೇ ಮನೆ ಬಿಟ್ಟು ಹೋಗಿದ್ದೆವು. ಮರಳಿ ಬಂದು ಸತ್ತ ಮರಗಳನ್ನು ಕಡಿದೆವು. ಅತ್ತೆ ಜಗಲಿಯಲ್ಲಿ ಕೂತು ನೋಡಿದರು. ಮಾವ ನೆಟ್ಟದ್ದು ಎಂದು ಒಮ್ಮೆ ಹೇಳಿದರು, ಅಷ್ಟೆ.

ಎಲ್ಲವೂ ಸಾಯಲಿಲ್ಲ. ಮಣ್ಣು ತೆಳ್ಳಗೆ ನಿಂತಿದ್ದ ಮೇಲಿನ ಸಾಲು, ನಾವು ಮೊದಲು ಬಿಡಿಸಿದ ಸಾಲು, ಬದುಕಿದೆ. ಪ್ರತಿ ಚಳಿಗಾಲ ಹಣ್ಣು ಕೊಡುತ್ತದೆ. ಕೆಳಗೆ ಹೊಸದಾಗಿ ನೆಟ್ಟಿಲ್ಲ. ಅಲ್ಲಿ ಹುಲ್ಲು ಬೆಳೆಯಲು ಬಿಟ್ಟಿದ್ದೇವೆ, ಮಣ್ಣು ಹಿಡಿದುಕೊಳ್ಳಲಿ ಎಂದು.

ಈಗ ಮಳೆಗಾಲದಲ್ಲಿ ಎಲ್ಲೆಲ್ಲೂ ಬರೆ ಜರಿಯುವ ಸುದ್ದಿ ಕೇಳುತ್ತೇನೆ. ತೋಟವಿರುವವರಲ್ಲಿ ನನ್ನದೊಂದು ಕೋರಿಕೆ. ಜೀವ ಉಳಿಸಿಕೊಂಡು, ಇನ್ನು ಅಪಾಯವಿಲ್ಲ ಎಂದು ಖಚಿತವಾದ ಮೇಲೆ ಮರಳಿದಾಗ, ಹಸಿರಾಗಿ ನಿಂತ ಮರವನ್ನು ಉಳಿದ ಮರವೆಂದು ಬಿಡಬೇಡಿ. ಬೇಲಿ, ಮನೆ, ದಾರಿಯ ಕೆಲಸ ಸ್ವಲ್ಪ ತಡೆಯಬಹುದು. ಮೊದಲು ಬುಡದ ಮಣ್ಣು ಬಿಡಿಸಿ, ಕಸಿಯ ಗಂಟು ಕಾಣುವವರೆಗೆ.