ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ನಾವು ಗಾಲ್ಫ್ ಆಡುತ್ತೇವೆಂದು ಹೇಳಿದ ಕೂಡಲೆ ಸಂಘದ ಗೆಳೆಯರು ಒಮ್ಮೆ ನಮ್ಮ ಮುಖವನ್ನೂ ಒಮ್ಮೆ ನಮ್ಮ ಹೊಟ್ಟೆಯನ್ನೂ ನೋಡುತ್ತಾರೆ. "ಅದು ದುಡ್ಡಿದ್ದವರ ಆಟವಲ್ಲವೆ?" ಎಂದು ಒಬ್ಬರು, "ಅದರಲ್ಲಿ ಓಡುವುದೇ ಇಲ್ಲವಂತೆ, ಮತ್ತೆ ಅದು ಆಟ ಹೇಗಾಯಿತು?" ಎಂದು ಇನ್ನೊಬ್ಬರು ಕೇಳುವುದುಂಟು. ಎರಡಕ್ಕೂ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ. ನೌಕರಿ ಕೊಟ್ಟ ಕಂಪನಿಯ ಕೃಪೆಯಿಂದ ಮುಂಬಯಿಯ ಒಂದು ಕ್ಲಬ್ಬಿನ ಸದಸ್ಯತ್ವ ದೊರೆಯಿತು. ನಿವೃತ್ತಿಯಾದ ಮೇಲೆ ಬೆಳಗಿನ ಹೊತ್ತು ಮನೆಯಲ್ಲಿ ಕುಳಿತು ಅಡಿಗೆಮನೆಯ ಆಡಳಿತದಲ್ಲಿ ಕೈಹಾಕುವುದಕ್ಕಿಂತ ಚೆಂಡಿನ ಹಿಂದೆ ನಡೆಯುವುದೇ ಎಲ್ಲರಿಗೂ ಕ್ಷೇಮವೆಂದು ನಮ್ಮ ಮನೆಯವರು ತೀರ್ಮಾನಿಸಿದರು. ಅಷ್ಟೇ ಕಥೆ.

ಆದರೆ ಈ ಆಟದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹಸಿರು ಹುಲ್ಲೂ ಅಲ್ಲ, ಬೆಳಗಿನ ಗಾಳಿಯೂ ಅಲ್ಲ. ಹ್ಯಾಂಡಿಕ್ಯಾಪ್ ಎಂಬ ಒಂದು ಲೆಕ್ಕ. ಆ ಲೆಕ್ಕದಲ್ಲಿ ನಾವು ಒಮ್ಮೆ ಜಾರಿ ಬಿದ್ದೆವು. ಆ ಕಥೆಯನ್ನು ಹೇಳಿಕೊಂಡರೆ ಮನಸ್ಸು ಹಗುರಾಗುವುದೆಂದು ಬರೆಯುತ್ತಿದ್ದೇವೆ.

ನಮ್ಮ ಬಾಲ್ಯದಲ್ಲಿ ಊರಿನ ಬೀದಿಯಲ್ಲಿ ಆಡುವಾಗ ದೊಡ್ಡವರ ಜೊತೆಗೆ ಒಂದೆರಡು ಚಿಕ್ಕ ಮಕ್ಕಳೂ ಸೇರಿಕೊಳ್ಳುತ್ತಿದ್ದವು. ಬೇಡವೆಂದರೆ ಅಳುತ್ತವೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಅದಕ್ಕೆ ಹಿರಿಯರು ಕಂಡುಹಿಡಿದ ಉಪಾಯ, "ಆಟಕ್ಕುಂಟು, ಲೆಕ್ಕಕ್ಕಿಲ್ಲ." ಇಲ್ಲಿ ಮುಂಬಯಿಯ ಮಕ್ಕಳು ಅದನ್ನೇ 'ಲಿಂಬೂ-ಟಿಂಬೂ' ಎನ್ನುತ್ತಾರೆ. ಅಂಥ ಮಗುವಿಗೆ ಸೋಲೂ ಇಲ್ಲ, ಗೆಲುವೂ ಇಲ್ಲ. ಗಾಲ್ಫಿನವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಸೋಲುವವನಿಗೆ ಮೊದಲೇ ಇಂತಿಷ್ಟು ಹೊಡೆತ ಬಿಟ್ಟುಕೊಡಿ, ಆಮೇಲೆ ಸಮನಾಗಿ ಲೆಕ್ಕಕ್ಕೆ ಹಿಡಿಯಿರಿ ಎಂದರು. ಹೀಗಾಗಿ ಎಪ್ಪತ್ತು ಹೊಡೆತಗಳಲ್ಲಿ ಹದಿನೆಂಟು ಕುಳಿಗಳನ್ನು ಮುಗಿಸುವ ತರುಣನೂ ತೊಂಬತ್ತೆರಡು ಹೊಡೆತ ತೆಗೆದುಕೊಳ್ಳುವ ನಮ್ಮಂಥ ಮುದುಕರೂ ಒಂದೇ ಬಹುಮಾನಕ್ಕೆ ನಿಜವಾಗಿ ಸ್ಪರ್ಧಿಸಬಹುದು. ಕ್ರಿಕೆಟ್ಟಿನಲ್ಲಾಗಲಿ ಟೆನಿಸ್ಸಿನಲ್ಲಾಗಲಿ ಈ ಔದಾರ್ಯವನ್ನು ನಾವು ಕಂಡಿಲ್ಲ.

ಔದಾರ್ಯವೆಂದೆವು, ಆದರೆ ಇದರ ಹಿಂದೆ ಬಿಗಿಯಾದ ಗಣಿತವಿದೆ. ನಮ್ಮ ದೇಶಕ್ಕೆ ಈ ಆಟ ಬಂದು ಬಹಳ ಕಾಲವಾಯಿತು. ಕಲ್ಕತ್ತೆಯ ಕ್ಲಬ್ಬು 1829ರದು, ನಮ್ಮ ಬೆಂಗಳೂರಿನದು 1876ರದು. ಆದರೆ ಒಂದೊಂದು ದೇಶದಲ್ಲಿ ಒಂದೊಂದು ಬಗೆಯ ಹ್ಯಾಂಡಿಕ್ಯಾಪ್ ಇತ್ತು. ಇಂಥ ಆರು ಪದ್ಧತಿಗಳನ್ನು ಕಲೆಸಿ 2020ರಲ್ಲಿ ಇಡೀ ಜಗತ್ತಿಗೆ ಒಂದೇ ಪದ್ಧತಿಯನ್ನು ತಂದರು. ಅದರ ಪ್ರಕಾರ ನಮ್ಮ ಕೊನೆಯ ಇಪ್ಪತ್ತು ಆಟಗಳನ್ನು ತೆಗೆದುಕೊಂಡು, ಅವುಗಳಲ್ಲಿ ಅತ್ಯುತ್ತಮವಾದ ಎಂಟನ್ನು ಆರಿಸಿ, ಆ ಎಂಟರ ಸರಾಸರಿಯನ್ನು ನಮ್ಮ ಅಂಕವೆಂದು ಇಡುತ್ತಾರೆ. ಗರಿಷ್ಠ 54.

ಇಪ್ಪತ್ತರ ಸರಾಸರಿಯನ್ನೇಕೆ ಹಿಡಿಯಬಾರದು ಎಂದು ನಮಗೂ ಮೊದಲು ಅನುಮಾನ ಬಂದಿತ್ತು. ಹ್ಯಾಂಡಿಕ್ಯಾಪ್ ಹೇಳುವುದು ನಾವು ದಿನವೂ ಹೇಗೆ ಆಡುತ್ತೇವೆಂದಲ್ಲ; ಮೈಕೈ ನೆಟ್ಟಗಿದ್ದ ದಿನ ಎಷ್ಟು ಚೆನ್ನಾಗಿ ಆಡಬಲ್ಲೆವೆಂದು. ಆದ್ದರಿಂದ ಬಹುಪಾಲು ದಿನಗಳಲ್ಲಿ ನಾವು ನಮ್ಮ ಅಂಕಕ್ಕಿಂತ ಕೆಟ್ಟದಾಗಿಯೇ ಆಡುತ್ತೇವೆ. ಸಂಗೀತಗಾರನನ್ನು ಅವನ ಒಳ್ಳೆಯ ಕಚೇರಿಗಳಿಂದ ಅಳೆಯುವಂತೆ ಎಂದರೆ ಸರಿಯಾದೀತು. ಇನ್ನು, ಒಂದೇ ಕುಳಿಯಲ್ಲಿ ಚೆಂಡು ನೀರಿಗೂ ಮರಳಿಗೂ ಬಿದ್ದು ಹನ್ನೆರಡು ಹೊಡೆತವಾಯಿತೆನ್ನಿ. ಹ್ಯಾಂಡಿಕ್ಯಾಪಿನ ಲೆಕ್ಕಕ್ಕೆ ಅಷ್ಟನ್ನೂ ಹಿಡಿಯುವುದಿಲ್ಲ. ಆ ಕುಳಿಯ ಪಾರ್, ಅದರ ಮೇಲೆ ಎರಡು, ಜೊತೆಗೆ ಅಲ್ಲಿ ನಮಗೆ ಸಲ್ಲುವ ಹೊಡೆತ, ಅಲ್ಲಿಗೆ ನಿಲ್ಲಿಸುತ್ತಾರೆ. ಒಂದು ಗ್ರಹಚಾರ ಇಡೀ ಜಾತಕವನ್ನು ಕೆಡಿಸಬಾರದೆಂಬ ಏರ್ಪಾಡು.

ಮೈದಾನಗಳೂ ಒಂದೇ ಸಮನಲ್ಲ. ಸಾಧಾರಣ ಆಟಗಾರನಿಗೆ ಒಂದು ಮೈದಾನ ಎಷ್ಟು ಹೆಚ್ಚು ತೊಂದರೆ ಕೊಡುತ್ತದೆ ಎಂಬುದಕ್ಕೆ ಸ್ಲೋಪ್ ಎಂಬ ಸಂಖ್ಯೆಯಿದೆ: 55ರಿಂದ 155ರವರೆಗೆ, ನಡುವಿನ ಮಟ್ಟ 113. ನಮ್ಮ ಕಡೆ ಅದು 121 ಎಂದಿಟ್ಟುಕೊಳ್ಳಿ. ನಮ್ಮ ಅಂಕ 21.4. ಅದನ್ನು 121ರಿಂದ ಗುಣಿಸಿ 113ರಿಂದ ಭಾಗಿಸಿದರೆ 23 ಆಗುತ್ತದೆ. ಮೈದಾನದ ರೇಟಿಂಗಿಗೂ ಪಾರಿಗೂ ವ್ಯತ್ಯಾಸವಿದ್ದರೆ ಅದನ್ನೂ ಸೇರಿಸಬೇಕು. ನಮ್ಮಲ್ಲಿ ಎರಡೂ 70, ಸೇರಿಸುವುದೇನಿಲ್ಲ. ಒಬ್ಬೊಬ್ಬರೇ ಆಡುವ ತಿಂಗಳ ಸ್ಪರ್ಧೆಗೆ ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಮಾತ್ರ ಸಲ್ಲುತ್ತದೆ. ಹಾಗಾಗಿ 22 ಹೊಡೆತ.

ಈ 22ನ್ನು ಹಂಚುವುದು ಹೇಗೆ? ಅಲ್ಲೇ ಸ್ಟ್ರೋಕ್ ಇಂಡೆಕ್ಸ್ ಬರುವುದು. ಸ್ಕೋರ್ ಕಾರ್ಡಿನಲ್ಲಿ ಪ್ರತಿ ಕುಳಿಯ ಮುಂದೆ 1ರಿಂದ 18ರವರೆಗೆ ಒಂದು ಅಂಕಿ ಇರುತ್ತದೆ. 22 ಇದ್ದವನಿಗೆ ಎಲ್ಲ ಕುಳಿಗಳಲ್ಲೂ ಒಂದೊಂದು, ಉಳಿದ ನಾಲ್ಕು ಇಂಡೆಕ್ಸ್ 1ರಿಂದ 4ರವರೆಗಿನ ಕುಳಿಗಳಲ್ಲಿ ಇನ್ನೊಂದೊಂದು. ಇಂಡೆಕ್ಸ್ 1 ಎಂದರೆ ಎಲ್ಲರಿಗೂ ಅತ್ಯಂತ ಕಠಿಣವಾದ ಕುಳಿಯೆಂದು ಸದಸ್ಯರಲ್ಲಿ ಅನೇಕರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಬಲ್ಲವನಿಗೂ ಬಾರದವನಿಗೂ ಎಲ್ಲಿ ಅಂತರ ಹೆಚ್ಚೋ, ಎಲ್ಲಿ ಬಾರದವನಿಗೆ ನಿಜವಾಗಿ ಕೈಹಿಡಿಯುವವರು ಬೇಕೋ, ಅದನ್ನೂ ನೋಡಬೇಕಾಗುತ್ತದೆ. ಅಲ್ಲದೆ ಈ ಅಂಕಿಗಳು ಹದಿನೆಂಟರ ಉದ್ದಕ್ಕೂ ಹರಡಿಕೊಂಡಿರಬೇಕು. ಬೆಸ ಅಂಕಿಗಳನ್ನು ಒಂದು ಅರ್ಧಕ್ಕೂ ಸಮ ಅಂಕಿಗಳನ್ನು ಇನ್ನೊಂದು ಅರ್ಧಕ್ಕೂ ಕೊಡುವುದು ವಾಡಿಕೆ. ಇಬ್ಬರೇ ಎದುರುಬದುರಾಗಿ ಆಡುವ ಪಂದ್ಯದಲ್ಲಿ ಕೊಟ್ಟ ಹೊಡೆತವೆಲ್ಲ ಕೊನೆಯ ಮೂರು ಕುಳಿಗಳಲ್ಲಿದ್ದರೆ ಆಟ ಅದಕ್ಕೆ ಮುಂಚೆಯೇ ಮುಗಿದುಹೋಗಬಹುದು. ಊಟ ಮುಗಿದ ಮೇಲೆ ಉಪ್ಪು ಬಡಿಸಿದ ಹಾಗೆ.

ಇಷ್ಟು ಚೆನ್ನಾಗಿ ಲೆಕ್ಕ ಬಲ್ಲ ನಾವೇ ಲೆಕ್ಕ ತಪ್ಪಿಸಿದ್ದು ವಿಷಾದದ ಸಂಗತಿ.

ನಮ್ಮ ಕ್ಲಬ್ಬಿನಲ್ಲಿ ಸ್ಪರ್ಧೆಯ ಕಾರ್ಡುಗಳಷ್ಟೇ ಅಲ್ಲ, ನಿಯಮದಂತೆ ಜೊತೆಗಾರನೊಡನೆ ಆಡಿದ ಸ್ನೇಹದ ಆಟದ ಕಾರ್ಡುಗಳನ್ನೂ ಕೊಡಬೇಕು. 2023ರ ಚಳಿಗಾಲದಲ್ಲಿ ನಮ್ಮ ಕೈ ಹೇಗೋ ಕುದುರಿತು. 88, 86, ಒಮ್ಮೆ 84. ಅಂಥ ಐದು ಕಾರ್ಡುಗಳು ನಮ್ಮ ಚೀಲದ ಕಿಸೆಯಲ್ಲೇ ಉಳಿದವು. ಮೊದಲನೆಯದನ್ನು ನಿಜವಾಗಿ ಮರೆತೆವು. ಎರಡನೆಯದನ್ನು ಕೊಡುವಾಗ "ಇದು ಅಪರೂಪಕ್ಕೆ ಆದದ್ದು, ಇದರಿಂದ ಹೊಡೆತ ಕಡಿಮೆಯಾದರೆ ಮುಂದೆ ಕಷ್ಟ" ಎಂದು ಒಳಗಿನಿಂದ ಯಾರೋ ಹೇಳಿದರು. ಆಮೇಲಿನ ಮೂರಕ್ಕೆ ಯಾರೂ ಹೇಳಬೇಕಾಗಿರಲಿಲ್ಲ. ಕೆಟ್ಟ ಆಟದ ಕಾರ್ಡುಗಳನ್ನು ಮಾತ್ರ ತಪ್ಪದೆ, ಬಹಳ ವಿನಯದಿಂದ ಕೊಡುತ್ತಿದ್ದೆವು. ನಮ್ಮ ಚೀಲ ಹೊರುವ ಕ್ಯಾಡಿ ಹುಡುಗ ಒಮ್ಮೆ, "ಕಾರ್ಡ್ ಸಾಹೇಬ್?" ಎಂದು ಕೇಳಿದ. "ನಾಳೆ" ಎಂದೆವು. ಅವನು ಮತ್ತೆ ಕೇಳಲಿಲ್ಲ. ಅದು ನಮಗೆ ಇನ್ನಷ್ಟು ಚುಚ್ಚಬೇಕಾಗಿತ್ತು, ಚುಚ್ಚಲಿಲ್ಲ.

ಫೆಬ್ರುವರಿಯ ಸ್ಪರ್ಧೆ ಸ್ಟೇಬಲ್‌ಫರ್ಡ್ ಪದ್ಧತಿಯದು. ಒಂದು ಕುಳಿ ಕೆಟ್ಟರೂ ಆಟಗಾರ ಮನೆಗೆ ಹೊರಡಬಾರದೆಂದು ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯ ರೂಪಿಸಿದ ಪದ್ಧತಿಯಿದು; 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ನಡೆದ ಸ್ಪರ್ಧೆಯಿಂದ ಹೆಸರಾಯಿತು. ಹೊಡೆತ ಕಳೆದ ಮೇಲೆ ಪಾರ್ ಆದರೆ 2 ಅಂಕ, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಅಂದು ನಾವು 85 ಹೊಡೆದೆವು. 22 ಹೊಡೆತದ ಕೃಪೆಯಿಂದ 43 ಅಂಕ. ಮೊದಲ ಬಹುಮಾನ ಬೆಳ್ಳಿ ಲೇಪದ ಒಂದು ತಟ್ಟೆ. ಎರಡನೆಯವರು ನಮ್ಮ ಧಾರವಾಡದ ಸ್ನೇಹಿತರು, 39 ಅಂಕ.

ಈ ಸ್ನೇಹಿತರ ವಿಷಯ ಹೇಳಬೇಕು. ಒಂದು ಕಾಲಕ್ಕೆ ಅವರ ಹ್ಯಾಂಡಿಕ್ಯಾಪ್ 9. ಕ್ಲಬ್ಬಿನಲ್ಲಿ ಅದು ಒಂದು ಪದವಿಯೇ ಸರಿ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಮನೆಯಲ್ಲಿದ್ದು ಮರಳಿದಾಗ ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಆದರೂ ಆಡಿದ ಪ್ರತಿಯೊಂದು ಆಟದ ಕಾರ್ಡನ್ನೂ ಕೊಟ್ಟರು. 9 ಹೋಗಿ 11, 13, ಕೊನೆಗೆ 15 ಆಯಿತು. ಅಂದು ಅವರು ಬಹುಮಾನದ ಹತ್ತಿರ ಬಂದದ್ದು ಕಾಯಿಲೆಯ ನಂತರ ಮೊದಲ ಸಲ. ನಮ್ಮ ಕೈಕುಲುಕಿ, "ಈಗೀಗ ನಿಮ್ಮ ಕೈ ಭಾಳ ಛಲೋ ಕುದುರೇದ ನೋಡ್ರಿ" ಎಂದರು. ಆ ಮಾತಿನಲ್ಲಿ ಮೊನೆಯಿರಲಿಲ್ಲ.

ತಟ್ಟೆಯನ್ನು ಮನೆಗೆ ತಂದೆವು. ನಮ್ಮ ಮನೆಯವರು ಅದನ್ನು ತಿರುಗಿಸಿ ನೋಡಿ, "ಅರಿಸಿನ ಕುಂಕುಮಕ್ಕೆ ಆಗುತ್ತದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇವತ್ತಿನದು 85 ಅಂದಿರಿ. ಹೋದ ತಿಂಗಳು 84 ಆಯಿತೆಂದು ಪೇಡೆ ತಂದಿದ್ದಿರಲ್ಲ, ಆಗ ಯಾಕೆ ಹೊಡೆತ ಕಡಿಮೆ ಮಾಡಲಿಲ್ಲ ಅವರು?" ಎಂದು ಕೇಳಿದರು. ನಲವತ್ತು ವರ್ಷದಿಂದ ಹಾಲಿನವನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟವರು. ಗಾಲ್ಫ್ ಬಾರದಿದ್ದರೂ ಲೆಕ್ಕ ಬರುತ್ತದೆ. ನಾವು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡೆವು. ತಟ್ಟೆ ಆ ವಾರವೆಲ್ಲ ಊಟದ ಮೇಜಿನ ಮೇಲೇ ಇತ್ತು, ಒಳಗೆ ಹೋಗಲಿಲ್ಲ.

ಒಂದು ರಾತ್ರಿ ಎದ್ದು ಕುಳಿತು ಲೆಕ್ಕ ಹಾಕಿದೆವು. ಬಚ್ಚಿಟ್ಟ ಐದು ಕಾರ್ಡುಗಳನ್ನು ಸೇರಿಸಿದರೆ ಸ್ಪರ್ಧೆಯ ದಿನ ನಮಗೆ ಸಲ್ಲಬೇಕಾದದ್ದು 17 ಹೊಡೆತ, 22 ಅಲ್ಲ. ಇಂಡೆಕ್ಸ್ 1ರಿಂದ 4ರವರೆಗಿನ ಕುಳಿಗಳಲ್ಲಿ ಪಡೆದ ಎರಡನೆಯ ಹೊಡೆತ, ಇಂಡೆಕ್ಸ್ 18ರ ಕುಳಿಯಲ್ಲಿ ಪಡೆದ ಒಂದು, ಒಟ್ಟು ಐದು ನಮ್ಮದಲ್ಲ. ಐದೂ ಕಡೆ ಅಂಕ ತಂದುಕೊಟ್ಟಿದ್ದವು. 43ರಲ್ಲಿ 5 ಹೋದರೆ 38. ಸ್ನೇಹಿತರದು 39. ಒಂದು ಅಂಕ! ಅಲ್ಲಿಯವರೆಗೆ 'ಹೇಗಿದ್ದರೂ ನಾವೇ ಗೆಲ್ಲುತ್ತಿದ್ದೆವು' ಎಂಬ ಒಂದು ಸಮಾಧಾನವಿತ್ತು, ಅದೂ ಹೋಯಿತು. ಎದೆ ಕೊಯ್ಸಿಕೊಂಡು ಎದ್ದು ಬಂದವರ ಕೈಯಿಂದ ತಟ್ಟೆ ಕಿತ್ತುಕೊಂಡಿದ್ದೆವು.

ಮರುದಿನ ಐದು ಕಾರ್ಡುಗಳನ್ನೂ ಹಿಡಿದು ಹ್ಯಾಂಡಿಕ್ಯಾಪ್ ಸಮಿತಿಯವರ ಮುಂದೆ ನಿಂತೆವು. 43 ಅಂಕ ಬಂದಾಗಲೇ ಗಣಕಯಂತ್ರ ನಮ್ಮ ಮೇಲೆ ಕಣ್ಣಿಟ್ಟಿತ್ತಂತೆ. ತನ್ನ ಅಂಕಕ್ಕಿಂತ ಏಳು ಹೊಡೆತ ಮೀರಿ ಚೆನ್ನಾಗಿ ಆಡಿದವನಿಗೆ ತಾನಾಗಿ ಒಂದನ್ನು ಕತ್ತರಿಸುವ ನಿಯಮವಿದೆ. ಸಮಿತಿಯವರು ಗದರಲಿಲ್ಲ. ಕಾರ್ಡುಗಳನ್ನು ದಾಖಲಿಸಿ ಅಂಕವನ್ನು 16.2ಕ್ಕೆ ಇಳಿಸಿದರು, ಮೂರು ತಿಂಗಳು ಸ್ಪರ್ಧೆಗೆ ಬರಬೇಡಿರೆಂದರು. ತಟ್ಟೆಯನ್ನು ಸ್ನೇಹಿತರ ಮನೆಗೆ ನಾವೇ ಒಯ್ದುಕೊಟ್ಟೆವು.

ಅವರು ತಟ್ಟೆಯನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಸಿಟ್ಟು ಬಂದದ, ಸುಳ್ಳ್ಯಾಕ ಹೇಳಲಿ" ಎಂದರು. "ಆದರ ಒಂದು ಮಾತು ಹೇಳ್ತೀನಿ. ಆಪರೇಷನ್ ಆದ ಮ್ಯಾಲೆ ಆ ಒಂಬತ್ತನ್ನ ಬಿಡೂದು ನನಗೂ ಸಂಕಟ ಆಗಿತ್ತು. ಕೆಟ್ಟ ಕಾರ್ಡು ಹರದು ಒಗದರ ಯಾರು ಕೇಳ್ತಿದ್ರು? ನೀವು ಹೆಚ್ಚಿಗಿ ಬೇಕಂತ ಮುಚ್ಚಿಟ್ರಿ. ನಾ ಕಡಿಮಿ ಇರಲಂತ ಮುಚ್ಚಿಡಾಂವಿದ್ದೆ. ಎರಡೂ ಒಂದ ಜಡ್ಡು." ಅಷ್ಟರಲ್ಲಿ ಒಳಗಿನಿಂದ ಚಹಾ ಬಂತು.

ನಮ್ಮಿಬ್ಬರ ಭಾನುವಾರದ ಆಟ ಮತ್ತೆ ಶುರುವಾಗಲು ಎರಡು ತಿಂಗಳಾಯಿತು. ಆಗ ಮೈದಾನದ ಲೆಕ್ಕದಲ್ಲಿ ಅವರದು 16, ನಮ್ಮದು 17. ಇಬ್ಬರ ಪಂದ್ಯದಲ್ಲಿ ವ್ಯತ್ಯಾಸವನ್ನಷ್ಟೇ ಕೊಡಬೇಕು. ಹಾಗಾಗಿ ಹದಿನೆಂಟು ಕುಳಿಗಳಲ್ಲಿ ನಮಗೆ ಸಲ್ಲುವುದು ಒಂದೇ ಒಂದು ಹೊಡೆತ, ಇಂಡೆಕ್ಸ್ 1ರ ಕುಳಿಯಲ್ಲಿ. ಆ ಕುಳಿಗೆ ಬಂದಾಗ ನಾವು ಸಂಕೋಚದಿಂದ, "ಇದು ಬೇಡ, ಸಮನಾಗಿಯೇ ಆಡೋಣ" ಎಂದೆವು.

ಸ್ನೇಹಿತರು ದೊಣ್ಣೆಯನ್ನು ನೆಲಕ್ಕೂರಿ ನಮ್ಮನ್ನು ನೋಡಿದರು. "ಬ್ಯಾಡ ಅನ್ನಬ್ಯಾಡ್ರಿ. ಲೆಕ್ಕದಾಗ ನಿಮಗ ಬಂದದ್ದು ಅದು, ತಗೋರಿ."

ತೆಗೆದುಕೊಂಡೆವು. ಆ ಕುಳಿಯನ್ನು ಆದರೂ ಸೋತೆವು. ಕ್ಯಾಡಿ ಹುಡುಗ ಆಟ ಮುಗಿದ ಮೇಲೆ ಏನೂ ಕೇಳದೆ ಕೈಚಾಚಿದ. ಕಾರ್ಡನ್ನು ಅವನ ಕೈಯಲ್ಲಿಟ್ಟು ಮನೆಯ ದಾರಿ ಹಿಡಿದೆವು.